ಹಿರಿಯರ ಪಾದಗಳ ಆರೈಕೆ: ಪಾದತಜ್ಞರನ್ನು ಮನೆಗೆ ಕರೆಸುವ ಬಗೆ

ಸಕ್ಕರೆ ಕಾಯಿಲೆಯಿಂದ ಬಳಲುತ್ತಿರುವ, ನಡೆದಾಡಲು ಕಷ್ಟಪಡುವ ಹಿರಿಯರ ಪಾದಗಳನ್ನು ಪರೀಕ್ಷಿಸಲು ತಜ್ಞರನ್ನು ಮನೆಗೇ ಕರೆಸಬಹುದೇ ಎಂದು ಕೆಲವು ಕುಟುಂಬದವರು ಮಠದ ಕಾರ್ಯಾಲಯದಲ್ಲಿ ವಿಚಾರಿಸಿದ್ದಾರೆ. ಕರೆಸಬಹುದು. ಆದರೆ ಹುಣ್ಣಾಗುವ ಮೊದಲೇ ಕರೆಸಬೇಕೆಂಬುದು ನಮ್ಮ ಅರಿಕೆ.

ಸಕ್ಕರೆ ಕಾಯಿಲೆ ಬಹುಕಾಲ ಹತೋಟಿ ತಪ್ಪಿದರೆ ಪಾದಗಳ ಸ್ಪರ್ಶಜ್ಞಾನ ಕುಂದುತ್ತದೆ, ರಕ್ತಸಂಚಾರವೂ ಕುಗ್ಗಬಹುದು. ಮುಳ್ಳು ಚುಚ್ಚಿದ್ದಾಗಲಿ, ಜಾತ್ರೆಯ ದಿನ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆದು ಅಂಗಾಲು ಸುಟ್ಟದ್ದಾಗಲಿ ತಿಳಿಯುವುದಿಲ್ಲ. ನೋವಿಲ್ಲದ ಕಾರಣ ಯಾರೂ ಗಮನಿಸದೆ, ಕೀವು ಕಂಡಾಗಲಷ್ಟೇ ಗಾಬರಿಯಾಗುತ್ತಾರೆ. ಈ ಕಾಯಿಲೆಯಲ್ಲಿ ಬೆರಳನ್ನೋ ಪಾದವನ್ನೋ ತೆಗೆಯಬೇಕಾಗುವ ಪ್ರಸಂಗಗಳು ಬಹುಪಾಲು ಇಂತಹ ಹುಣ್ಣಿನಿಂದಲೇ ಆರಂಭವಾಗುತ್ತವೆ.

ನಮ್ಮ ನಾಡಿನಲ್ಲಿ ಪಾದತಜ್ಞರು ವಿರಳ. ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಇತರೆಡೆ ಈ ವಿಷಯದಲ್ಲಿ ತರಬೇತಿ ಪಡೆದ ಶಸ್ತ್ರವೈದ್ಯರನ್ನೋ ಮಧುಮೇಹ ತಜ್ಞರನ್ನೋ ಹುಡುಕಬೇಕಾಗುತ್ತದೆ. ಆದ್ದರಿಂದ ಮೊದಲು ಸಕ್ಕರೆ ಕಾಯಿಲೆಗೆ ಔಷಧ ಕೊಡುತ್ತಿರುವ ವೈದ್ಯರನ್ನೇ ಕೇಳಿ, ಅವರಿಂದ ಪತ್ರ ಪಡೆಯುವುದು ಲೇಸು. ಹಳ್ಳಿಗಳವರು ಆಶಾ ಕಾರ್ಯಕರ್ತೆಯರನ್ನು ವಿಚಾರಿಸಬಹುದು. 2024ರಲ್ಲಿ ಕೋಲಾರದಲ್ಲಿ ಆರಂಭವಾದ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಬಂದು ರಕ್ತದೊತ್ತಡ, ಸಕ್ಕರೆ ಪರೀಕ್ಷಿಸುತ್ತಾರೆ. ಅವರು ಬಂದಾಗ ಪಾದಗಳನ್ನೂ ತೋರಿಸಿರಿ.

ದೂರವಾಣಿಯಲ್ಲಿ ಮಾತನಾಡುವಾಗ ಕಾಯಿಲೆ ಎಷ್ಟು ವರ್ಷದ್ದು, ಹಿಂದೆ ಹುಣ್ಣಾಗಿತ್ತೇ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಾರೆಯೇ ಎಂಬುದನ್ನು ಮರೆಯದೆ ತಿಳಿಸಬೇಕು. ಶುಲ್ಕವನ್ನೂ, ಉಪಕರಣಗಳನ್ನು ಶುದ್ಧೀಕರಿಸಿ ತರುತ್ತಾರೆಯೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು. ಇದರಲ್ಲಿ ದಾಕ್ಷಿಣ್ಯ ಬೇಡ.

ತಜ್ಞರು ಬರುವ ದಿನ ಚೆನ್ನಾಗಿ ಬೆಳಕಿರುವೆಡೆ ಕುರ್ಚಿ ಹಾಕಿ, ಪಾದಗಳನ್ನು ತೊಳೆದು ಬೆರಳ ಸಂದುಗಳನ್ನು ಒರೆಸಿ ಒಣಗಿಸಿರಬೇಕು. ಅರಿಶಿನ, ಎಣ್ಣೆ, ಮುಲಾಮು ಹಚ್ಚಿದರೆ ಚರ್ಮದ ನಿಜವಾದ ಬಣ್ಣ ಕಾಣದು. ನಿತ್ಯ ಮೆಟ್ಟುವ ಚಪ್ಪಲಿಯನ್ನೂ ತಪ್ಪದೆ ತೋರಿಸಿರಿ, ಎಷ್ಟೋ ಹುಣ್ಣುಗಳಿಗೆ ಅದರ ಉಂಗುಷ್ಟವೇ ಮೂಲ. ತಜ್ಞರು 10 ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಅಂಗಾಲಿಗೆ ಸೋಕಿಸಿ ಸ್ಪರ್ಶಜ್ಞಾನವನ್ನು ಅಳೆಯುತ್ತಾರೆ, ಪಾದದ ನಾಡಿ ನೋಡುತ್ತಾರೆ, ದಡ್ಡುಗಟ್ಟಿದ ಚರ್ಮವನ್ನು ಹೆರೆದು ಉಗುರು ಕತ್ತರಿಸುತ್ತಾರೆ. ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದು, ಅಂಗಡಿಯ ಆಣಿಪಟ್ಟಿ ಅಂಟಿಸುವುದು ಸಕ್ಕರೆ ಕಾಯಿಲೆಯವರಿಗೆ ಅಪಾಯಕರ. ಮನೆಯವರೊಬ್ಬರು ಪಕ್ಕದಲ್ಲಿದ್ದು, ದಿನನಿತ್ಯ ಪಾದ ನೋಡುವ ಕ್ರಮವನ್ನು ಕಲಿತುಕೊಳ್ಳಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಹಿರಿಯರ ಸಂಕೋಚವೇ. ಪಾದಪೂಜೆಯ ಸಂಸ್ಕಾರದಲ್ಲಿ ಬೆಳೆದ ನಮ್ಮ ಅಜ್ಜ ಅಜ್ಜಿಯರು, ಓದಿದ ವೈದ್ಯರೊಬ್ಬರು ಕೆಳಗೆ ಕುಳಿತು ತಮ್ಮ ಕಾಲು ಮುಟ್ಟುವುದನ್ನು ಸಹಿಸಲಾರರು. ಕಾಲು ಮಡಚಿ ಸೀರೆಯಲ್ಲೋ ಧೋತರದಲ್ಲೋ ಮುಚ್ಚಿಕೊಳ್ಳುತ್ತಾರೆ. ಗದರಿದರೆ ಪ್ರಯೋಜನವಿಲ್ಲ. ಅದು ವೈದ್ಯರ ಕಾಯಕ, ಕಾಯಕದಲ್ಲಿ ಮೇಲುಕೀಳೆಂಬುದಿಲ್ಲ ಎಂದು ಹೇಳಿದರೆ ಅವರು ಒಪ್ಪಿಯಾರು. ಅಜ್ಜಿಯರಿಗೆ ಮಹಿಳಾ ವೈದ್ಯರೇ ದೊರೆತರೆ ಇನ್ನೂ ಒಳ್ಳೆಯದು.

ಹುಣ್ಣು, ಕೀವು, ದುರ್ವಾಸನೆ, ಕಪ್ಪಾದ ಬೆರಳು, ಒಂದೇ ಪಾದದ ಊತ ಅಥವಾ ಬಿಸಿ ಕಂಡರೆ ಮನೆಭೇಟಿಗೆ ಕಾಯದೆ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಜ್ವರವೂ ಇದ್ದರೆ 108ಕ್ಕೆ ಕರೆ ಮಾಡಿರಿ.

ತಜ್ಞರು ಹೊರಡುವ ಮುನ್ನ ಮುಂದಿನ ಭೇಟಿಯ ದಿನವನ್ನು ಬರೆಸಿಕೊಳ್ಳಿರಿ. ಪಾದ ಸುಸ್ಥಿತಿಯಲ್ಲಿದ್ದರೆ ವರ್ಷಕ್ಕೊಂದು ಪರೀಕ್ಷೆ ಸಾಕು. ಹಿಂದೆ ಹುಣ್ಣಾಗಿ ಮಾಯ್ದವರಿಗೆ 1ರಿಂದ 3 ತಿಂಗಳಿಗೊಮ್ಮೆ ಆಗಬೇಕು.