ಹಳೆಯ ದೋಣಿಯ ಸಿಹಿನೀರು

ಅಮರಸಿಂಹನು ತನ್ನ ಕೋಶದಲ್ಲಿ ನೀರಿಗೆ ಹೇಳಿರುವ ಹೆಸರುಗಳಲ್ಲಿ ‘ಜೀವನ’ವೂ ಒಂದು, ‘ಅಮೃತ’ವೂ ಒಂದು. ಸಂಸ್ಕೃತದಲ್ಲಿ ‘ವಿಷ’ವೆಂಬ ಶಬ್ದಕ್ಕೂ ನೀರೆಂಬ ಅರ್ಥವುಂಟು. ಬಾಲಕರಿಗೆ ಪಾಠ ಹೇಳುತ್ತಿದ್ದ ಕಾಲದಲ್ಲಿ ನಾವು ಇದನ್ನು ಕೋಶಕಾರರ ಚಮತ್ಕಾರವೆಂದು ಹೇಳಿ ಮುಂದಕ್ಕೆ ಸಾಗುತ್ತಿದ್ದೆವು. ಅದು ನಮಗೆ ಚೆನ್ನಾಗಿ ಮನದಟ್ಟಾದುದು ಕಳೆದ ವರ್ಷ, ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ, ಒಂದು ಹಳೆಯ ದೋಣಿಯ ಒಡಲಿನೊಳಗೆ ಕುಳಿತಿದ್ದಾಗ.

ಮಿಷಿಗನ್ ಸರೋವರದ ದಡದ ಒಂದು ಊರಿನಲ್ಲಿ ನಮ್ಮ ಮಗಳ ಸಂಸಾರವಿದೆ. ನೆರೆಮನೆಯ ಯಜಮಾನರು ನಮ್ಮ ಸಮವಯಸ್ಕರು. ನಲವತ್ತು ವರ್ಷ ಹಳೆಯದಾದ, ಮೂವತ್ತು ಅಡಿ ಉದ್ದದ ಹಾಯಿದೋಣಿಯೊಂದನ್ನು ಅವರು ಆ ವರ್ಷವೇ ಕೊಂಡಿದ್ದರು. ಅಂತಹ ದೋಣಿಯೆಂದರೆ ಒಂದು ಪುಟ್ಟ ಮನೆ. ಅದರಲ್ಲಿ ಅಡಿಗೆಯ ಮೂಲೆ, ಸ್ನಾನದ ಕೋಣೆ, ಮಲಗುವ ಹಲಗೆಗಳು ಎಲ್ಲವೂ ಇರುತ್ತವೆ. ಹಲಗೆಯ ಕೆಳಗೆ ಕುಡಿಯುವ ನೀರಿನ ತೊಟ್ಟಿ. ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪು. ನಮ್ಮ ಊರಿನ ಗೀಸರಿನಂತಹ ಬಿಸಿನೀರಿನ ಹಂಡೆ. ಇವುಗಳಿಂದ ನಲ್ಲಿಗಳಿಗೆ ಹರಿಯುವ ಕೊಳವೆಗಳು. ಬೇಸಗೆಯಲ್ಲಿ ಎರಡು ಮನೆಗಳ ಮಕ್ಕಳೂ ಆ ದೋಣಿಯನ್ನೇರಿ, ಅದೇ ನಲ್ಲಿಯ ನೀರನ್ನು ಕುಡಿಯತಕ್ಕವರು. ಆದುದರಿಂದ ಆ ನೀರಿನ ವಿಚಾರವು ನಮಗೂ ಸಂಬಂಧಪಟ್ಟುದೇ ಆಯಿತು.

ಆ ಸೀಮೆಯಲ್ಲಿ ಚಳಿಗಾಲ ಬಂದಿತೆಂದರೆ ಬಂದರುಗಳಲ್ಲಿ ನೀರು ಹೆಪ್ಪುಗಟ್ಟುತ್ತದೆ. ಅಕ್ಟೋಬರ್ ತಿಂಗಳ ಸುಮಾರಿಗೆ ದೋಣಿಗಳನ್ನು ಯಂತ್ರದಿಂದ ಮೇಲಕ್ಕೆತ್ತಿ, ದಡದಲ್ಲಿ ಆಸರೆ ಕೊಟ್ಟು ನಿಲ್ಲಿಸುತ್ತಾರೆ. ಅವು ಮತ್ತೆ ನೀರಿಗಿಳಿಯುವುದು ವಸಂತದಲ್ಲಿ. ಮನೆಯಲ್ಲಾದರೆ ಹಗಲಿರುಳೂ ಬೆಚ್ಚಗಿರುವ ಏರ್ಪಾಡುಂಟು, ದೋಣಿಗೆ ಅದಿಲ್ಲ. ಒಳಗೆ ಉಳಿದ ನೀರೆಲ್ಲ ಕಲ್ಲಾಗುತ್ತದೆ.

ಕಲ್ಲಾದರೇನು, ವಸಂತದಲ್ಲಿ ಕರಗುವುದಷ್ಟೆ ಎಂದು ವಾಚಕರು ಕೇಳಬಹುದು. ನಾವೂ ಹಾಗೆಯೇ ಕೇಳಿದೆವು. ನೀರಿನ ಗುಣವು ವಿಲಕ್ಷಣವಾದುದು. ಅದು ಸೆಂಟಿಗ್ರೇಡಿನ ೪ ಡಿಗ್ರಿಯವರೆಗೆ ತಣ್ಣಗಾಗುತ್ತ ಕುಗ್ಗಿ, ಅಲ್ಲಿಂದ ಮುಂದೆ ಹಿಗ್ಗತೊಡಗುತ್ತದೆ. ಗಡ್ಡೆಯಾಗುವಾಗ ಅದರ ಗಾತ್ರವು ನೂರಕ್ಕೆ ಸುಮಾರು ೯ರಷ್ಟು ಹೆಚ್ಚುತ್ತದೆ. ಎಂದರೆ ೧೧ ಸೇರು ನೀರು ಗಡ್ಡೆಯಾದಾಗ ಸುಮಾರು ೧೨ ಸೇರಿನ ಜಾಗವನ್ನು ಬೇಡುತ್ತದೆ. ಸರೋವರಕ್ಕೆ ಇದೊಂದು ವರ. ಹಗುರವಾದ ಗಡ್ಡೆಯು ಮೇಲೆ ತೇಲುತ್ತದೆ, ಕೆಳಗಿನ ನೀರಿನಲ್ಲಿ ಮೀನುಗಳು ಬದುಕುತ್ತವೆ. ಮುಚ್ಚಿದ ಕೊಳವೆಗಾದರೋ ಇದೇ ಶಾಪ. ಬೆಳೆಯುವ ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡವು ಏರುತ್ತ ಹೋಗಿ, ಎಲ್ಲಿ ಬಲ ಕಡಿಮೆಯೋ ಅಲ್ಲಿ ಸೀಳುತ್ತದೆ. ಕೊಳವೆಯು ಗಡ್ಡೆ ಕಟ್ಟಿದ ಸ್ಥಳದಲ್ಲಿಯೇ ಒಡೆಯಬೇಕೆಂಬ ನಿಯಮವಿಲ್ಲ.

ಈ ದೋಣಿಯ ಹಿಂದಿನ ಒಡೆಯರು ತೊಟ್ಟಿಯನ್ನು ಬರಿದುಮಾಡಿ, ಹಂಡೆಯನ್ನು ಮರೆತಿದ್ದರು. ಅದರ ಬೆಸುಗೆಯು ಒಂದು ಗೇಣುದ್ದ ಬಿಟ್ಟುಕೊಂಡಿತ್ತು. ನೆರೆಯವರು ಆಗಸ್ಟ್ ತಿಂಗಳಲ್ಲಿ ಹೊಸ ಹಂಡೆಯನ್ನು ಕೂರಿಸಿದರು. ಆದರೂ ಎಲ್ಲ ನಲ್ಲಿಗಳನ್ನು ಮುಚ್ಚಿದ್ದಾಗಲೂ ಪಂಪು ಆಗಾಗ ತಾನಾಗಿಯೇ ಗುರುಗುಟ್ಟಿ ನಿಲ್ಲುತ್ತಿತ್ತು. ಕೊಳವೆಯೊಳಗಿನ ಒತ್ತಡವು ಇಳಿದಾಗ ಮಾತ್ರ ಆ ಪಂಪು ನಡೆಯತಕ್ಕದ್ದು. ಅದು ಸುಮ್ಮನೆ ಗುರುಗುಟ್ಟಿತೆಂದರೆ ನೀರು ಎಲ್ಲಿಯೋ ಸೋರುತ್ತಿದೆ, ಇಲ್ಲವೇ ಹಿಂದಕ್ಕೆ ಜಾರುತ್ತಿದೆ ಎಂದರ್ಥ. ನಾವಿಬ್ಬರೂ ಪ್ರತಿಯೊಂದು ಸಂದನ್ನೂ ಬಟ್ಟೆಯಿಂದ ಒರಸಿ, ಒಣ ಕಾಗದವನ್ನು ಸುತ್ತಿ, ಒಂದು ಗಳಿಗೆ ಕಾದೆವು. ಎರಡು ಕಡೆ ಕಾಗದವು ತೊಯ್ದಿತ್ತು. ನಲವತ್ತು ವರ್ಷದ ಆ ಪ್ಲಾಸ್ಟಿಕ್ ಕೊಳವೆಗಳು ಬಿರುಸಾಗಿ ಹೋಗಿದ್ದುವು. ಅವು ಬೆಳಕು ಹಾಯುವಂತಹವಾದುದರಿಂದ ಒಳಗೆ ಪಾಚಿಯೂ ಕಟ್ಟಿತ್ತು. ತೇಪೆ ಹಾಕುವುದರಲ್ಲಿ ಅರ್ಥವಿಲ್ಲವೆಂದು, ಕುಡಿಯುವ ನೀರಿಗೆ ತಕ್ಕುದೆಂದು ಗುರುತಿರುವ, ಬೆಳಕು ಹಾಯದ ಹೊಸ ಕೊಳವೆಗಳನ್ನೇ ತಂದೆವು. ಕೊಳವೆಯ ತುದಿಯನ್ನು ಬಿಸಿನೀರಿನಲ್ಲಿ ಅದ್ದಿದರೆ ಅದು ಮೆತ್ತಗಾಗಿ ಸುಲಭವಾಗಿ ಕೂರುತ್ತದೆ. ಪಂಪಿನ ಮುಂದಿನ ಜಾಲರಿಯಲ್ಲಿ ಸೇರಿದ್ದ ಕಸವನ್ನೂ ತೆಗೆದೆವು.

ಅಕ್ಟೋಬರಿನಲ್ಲಿ ಚಳಿಗಾಲದ ಸಿದ್ಧತೆಯಾಯಿತು. ಅದರ ಕ್ರಮವನ್ನು ಸಂಗ್ರಹವಾಗಿ ಹೇಳುವೆವು. ಮೊದಲು ನಲ್ಲಿಗಳನ್ನು ತೆರೆದು ತೊಟ್ಟಿಯನ್ನು ಬರಿದುಮಾಡಿ, ತಳದಲ್ಲಿ ಉಳಿದ ನೀರನ್ನು ಬಟ್ಟೆಯಿಂದ ಹಿಂಡಿ ತೆಗೆಯಬೇಕು. ಹಂಡೆಯ ವಿದ್ಯುತ್ತನ್ನು ಮೊದಲೇ ನಿಲ್ಲಿಸಿರಬೇಕು. ನೀರಿಲ್ಲದ ಹಂಡೆ ಕಾದರೆ ಅದರೊಳಗಿನ ಸುರುಳಿ ಸುಟ್ಟುಹೋಗುತ್ತದೆ. ಹಂಡೆ ಆರಿದ ಬಳಿಕ ಕೆಳಗಿನ ತೂಬನ್ನು ತೆರೆಯುವುದರ ಜೊತೆಗೆ ಮೇಲಿನ ರಕ್ಷಣೆಯ ಕವಾಟವನ್ನೂ ತೆರೆಯತಕ್ಕದ್ದು. ಗಾಳಿ ಒಳಹೊಗದೆ ನೀರು ಪೂರ್ತಿಯಾಗಿ ಹೊರಬರಲಾರದು. ಆಮೇಲೆ ಹಂಡೆಗೆ ಬರುವ ಕೊಳವೆಯನ್ನೂ ಹೋಗುವ ಕೊಳವೆಯನ್ನೂ ಒಂದಕ್ಕೊಂದು ಜೋಡಿಸಿ, ಹಂಡೆಯನ್ನು ದಾರಿಯಿಂದ ಬಿಡಿಸಬೇಕು. ಇಷ್ಟಾದರೂ ಪಂಪಿನಲ್ಲಿಯೂ ಕೊಳವೆಯ ತಗ್ಗುಗಳಲ್ಲಿಯೂ ಸ್ವಲ್ಪ ನೀರು ನಿಂತೇ ಇರುತ್ತದೆ. ಅದನ್ನು ಹೊರದೂಡಲು ಹೆಪ್ಪುಗಟ್ಟದ ದ್ರವವೊಂದನ್ನು ಪಂಪಿನ ಬಾಯಿಗೆ ಕೊಟ್ಟು, ಪ್ರತಿಯೊಂದು ನಲ್ಲಿಯಲ್ಲಿಯೂ ಅದರ ಬಣ್ಣ ಚೆನ್ನಾಗಿ ಕಾಣುವವರೆಗೆ ಹರಿಸುತ್ತಾರೆ. ನೀರು ಬೆರೆತಷ್ಟೂ ಆ ದ್ರವದ ಶಕ್ತಿ ಕುಂದುವುದರಿಂದ, ಬರಿದುಮಾಡುವ ಕೆಲಸದಲ್ಲಿ ಸೋಮಾರಿತನ ಕೂಡದು.

ನಮ್ಮ ಪ್ರಮಾದವು ನಡೆದುದು ಇಲ್ಲಿಯೇ. ನೆರೆಯವರು ಕೊಟ್ಟಿಗೆಯಿಂದ ಆ ದ್ರವದ ಡಬ್ಬಿಯನ್ನು ತರಲು ನಮ್ಮನ್ನು ಕಳುಹಿಸಿದರು. ಅಟ್ಟಣೆಯ ಮೇಲೆ ಎರಡು ಬಗೆಯ ಡಬ್ಬಿಗಳಿದ್ದುವು. ಎರಡರ ಮೇಲೆಯೂ ದಪ್ಪಕ್ಷರದಲ್ಲಿ ‘ಆಂಟಿಫ್ರೀಜ್’ ಎಂದೇ ಬರೆದಿತ್ತು. ನಾವು ಹತ್ತಿರದಲ್ಲಿದ್ದುದನ್ನು ತಂದು, ಮುಚ್ಚಳವನ್ನು ತೆಗೆದು, ಪಂಪಿನ ಕೊಳವೆಯನ್ನು ಅದರಲ್ಲಿ ಇಳಿಬಿಡುವುದರಲ್ಲಿದ್ದೆವು. ಅವರು ತಿರುಗಿ ನೋಡಿದವರೇ ನಮ್ಮ ಕೈಯನ್ನು ಹಿಡಿದುಬಿಟ್ಟರು. ಅವರ ಮುಖ ಬಿಳಿಚಿಕೊಂಡಿತ್ತು.

ನಾವು ತಂದುದು ಮೋಟಾರು ಕಾರಿನ ಯಂತ್ರಕ್ಕೆ ಹಾಕುವ ಎಥಿಲೀನ್ ಗ್ಲೈಕಾಲ್. ಅದು ರುಚಿಗೆ ಸಿಹಿ, ಪರಿಣಾಮದಲ್ಲಿ ಘೋರ ವಿಷ. ದೇಹದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು, ಮೂತ್ರಪಿಂಡಗಳಲ್ಲಿ ಹರಳುಗಟ್ಟಿ ಅವುಗಳನ್ನು ಕೆಡಿಸುತ್ತದೆ. ೧೯೩೭ರಲ್ಲಿ ಅಮೆರಿಕದಲ್ಲಿ ಇದೇ ಕುಲದ ಡೈಎಥಿಲೀನ್ ಗ್ಲೈಕಾಲಿನಲ್ಲಿ ಕರಗಿಸಿದ ಔಷಧಿಯೊಂದನ್ನು ಸೇವಿಸಿ ನೂರಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅವರಲ್ಲಿ ಅನೇಕರು ಮಕ್ಕಳು. ೧೯೩೮ರಲ್ಲಿ ಅಲ್ಲಿ ಔಷಧಗಳ ಕುರಿತು ಹೊಸ ಶಾಸನವಾಗಲು ಅದೊಂದು ಮುಖ್ಯ ಕಾರಣವಾಯಿತು. ಕುಡಿಯುವ ನೀರಿನ ಕೊಳವೆಗೆ ಸಲ್ಲತಕ್ಕುದು ಬೇರೊಂದು, ಪ್ರೊಪಿಲೀನ್ ಗ್ಲೈಕಾಲ್. ಆಹಾರದಲ್ಲಿಯೂ ಔಷಧಗಳಲ್ಲಿಯೂ ಮಿತವಾಗಿ ಬಳಕೆಯಲ್ಲಿರುವ ದ್ರವ್ಯವಿದು. ದೋಣಿಗಳಿಗೆಂದು ಮಾರುವುದು ಸಾಮಾನ್ಯವಾಗಿ ಗುಲಾಬಿ ಬಣ್ಣದ್ದಾಗಿರುತ್ತದೆ. ಆದರೆ ಬಣ್ಣವನ್ನು ನಂಬಬಾರದು. ಕಾರಿನ ದ್ರವವೂ ಅನೇಕ ಬಣ್ಣಗಳಲ್ಲಿ ಬರುತ್ತದೆ. ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಓದತಕ್ಕದ್ದು.

ಒಂದೇ ಶಬ್ದಕ್ಕೆ ಅನೇಕಾರ್ಥಗಳಿರುವಾಗ ಪ್ರಕರಣವನ್ನು ನೋಡಿ ಅರ್ಥಮಾಡಬೇಕೆಂದು ಮೂವತ್ತು ವರ್ಷ ಮಕ್ಕಳಿಗೆ ಬೋಧಿಸಿದ ನಾವೇ ಹೆಸರನ್ನು ನೋಡಿ ವಸ್ತುವನ್ನು ಮರೆತಿದ್ದೆವು. ಆ ದಿನ ಸಂಜೆ ಮೊಮ್ಮಗನು ಊಟಕ್ಕೆ ಕುಳಿತು ನೀರು ಕುಡಿಯುತ್ತಿದ್ದಾಗ ನಮಗೆ ಅನ್ನ ಗಂಟಲಲ್ಲಿಳಿಯಲಿಲ್ಲ.

ವಸಂತದಲ್ಲಿ ಗುಲಾಬಿಯ ದ್ರವವನ್ನೂ ನೀರು ಹರಿಸಿ ಪೂರ್ತಿಯಾಗಿ ತೊಳೆಯಬೇಕು. ಅನಂತರ ನೂರು ಲೀಟರು ನೀರಿಗೆ ಸುಮಾರು ನೂರು ಮಿಲಿಲೀಟರಿನಂತೆ, ಪರಿಮಳ ಬೆರೆಸದ ಮನೆಬಳಕೆಯ ಬ್ಲೀಚನ್ನು ಸೇರಿಸಿ, ಎಲ್ಲ ನಲ್ಲಿಗಳವರೆಗೆ ಹರಿಸಿ, ಮೂರು ನಾಲ್ಕು ಗಂಟೆಗಳ ಕಾಲ ಬಿಟ್ಟು, ವಾಸನೆ ಹೋಗುವವರೆಗೆ ತೊಳೆಯತಕ್ಕದ್ದು. ಆ ನೀರನ್ನು ಕುಡಿಯಲಾಗದು. ಬ್ಲೀಚಿಗೆ ಹುಳಿ ಪದಾರ್ಥವನ್ನು ಎಂದಿಗೂ ಬೆರೆಸಲಾಗದು, ವಿಷವಾಯು ಏಳುತ್ತದೆ.

ದೋಣಿಯಿಲ್ಲದ ನಮ್ಮ ವಾಚಕರಿಗೆ ಇದರಿಂದೇನು ಪ್ರಯೋಜನ? ಶೀತದೇಶಗಳಲ್ಲಿ ಮಕ್ಕಳಿರುವ ಮನೆಗಳು ನಮ್ಮಲ್ಲಿ ಈಗ ಅನೇಕ. ಅವರು ಡಿಸೆಂಬರಿನಲ್ಲಿ ಊರಿಗೆ ಹೊರಡುವಾಗ ಮನೆಯನ್ನು ಬೆಚ್ಚಗಿಡುವ ಯಂತ್ರವನ್ನು ಪೂರ್ತಿ ನಿಲ್ಲಿಸದೆ, ನೀರಿನ ಮುಖ್ಯ ಕವಾಟವನ್ನು ಮುಚ್ಚಿ, ನಲ್ಲಿಗಳನ್ನು ತೆರೆದು ಬರಿದುಮಾಡಿ ಬರಲಿ. ಇಲ್ಲಿರುವ ನಾವೂ ಮಹಡಿಯ ಮೇಲಿನ ತೊಟ್ಟಿಯ ಮುಚ್ಚಳವನ್ನು ಒಮ್ಮೆ ತೆರೆದು ನೋಡೋಣ. ಅಡಿಗೆಮನೆಯ ಅಟ್ಟಣೆಯಲ್ಲಿ ಕುಡಿಯುವ ನೀರಿನ ಸೀಸೆಯ ಪಕ್ಕದಲ್ಲಿ ಫಿನಾಯಿಲನ್ನೋ ಸೀಮೆಎಣ್ಣೆಯನ್ನೋ ಇರಿಸಿದ್ದರೆ, ಅದನ್ನು ಈ ದಿನವೇ ಬೇರೆಡೆಗೆ ಸಾಗಿಸೋಣ.

ಈ ವರ್ಷದ ಮೇ ತಿಂಗಳಲ್ಲಿ ಮಗಳು ಟೆಲಿಫೋನಿನಲ್ಲಿ ಮಾತನಾಡುತ್ತ, ದೋಣಿಯು ನೀರಿಗಿಳಿಯಿತೆಂದೂ, ಒಂದು ಸಂದೂ ಸೋರಲಿಲ್ಲವೆಂದೂ, ಮೊದಲನೆಯ ಲೋಟ ನೀರನ್ನು ನೆರೆಯವರು ತಾವೇ ಕುಡಿದು ನೋಡಿ ಅನಂತರ ಮಕ್ಕಳಿಗೆ ಕೊಟ್ಟರೆಂದೂ ತಿಳಿಸಿದಳು. ಕೊಟ್ಟಿಗೆಯ ಆ ಅಟ್ಟಣೆಯಲ್ಲಿ ಈಗ ಒಂದೇ ಬಗೆಯ ಡಬ್ಬಿ ಇದೆಯಂತೆ.