ತಿಳಿನೀರೂ ಶುದ್ಧನೀರೂ

ನೀರು ತಿಳಿಯಾಗಿದ್ದರೆ ಶುದ್ಧವೇ ಸರಿಯೆಂದು ನಾವು ಬಹುಕಾಲದಿಂದ ನಂಬಿಕೊಂಡು ಬಂದಿದ್ದೇವೆ. ಕಣ್ಣಿನ ಈ ಸಾಕ್ಷ್ಯವು ಎಷ್ಟು ದುರ್ಬಲವಾದುದೆಂಬುದನ್ನು 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ತೋರಿಸಿಕೊಟ್ಟನು. ಅಲ್ಲಿನ ಬ್ರಾಡ್ ಬೀದಿಯ ಸುತ್ತ ಕಾಲರಾದಿಂದ ಸತ್ತವರಲ್ಲಿ ಬಹುಮಂದಿ ಒಂದೇ ಪಂಪಿನ ನೀರನ್ನು ಕುಡಿದವರಾಗಿದ್ದರು. ಆ ನೀರಾದರೋ ರುಚಿಗೆ ಹೆಸರಾಗಿದ್ದಿತು. ಬಾವಿಯಲ್ಲಿ ಮೀನು ಬದುಕಿದೆಯೆಂಬ ನಮ್ಮವರ ಸಮಾಧಾನವೂ ಇದೇ ಜಾತಿಯದು. ಮೀನಿಗೆ ಟೈಫಾಯಿಡ್ ಬರುವುದಿಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕಡೆಗೆ ಮಳೆಗಾಲದಲ್ಲಿ ಹೋದವರಿಗೆ ನೀರಿನ ಚಿಂತೆಯೇ ವಿಚಿತ್ರವಾಗಿ ತೋರೀತು. ಮೂಡಬಿದಿರೆಯಲ್ಲಿ ಹದಿನೆಂಟು ಬಸದಿ, ಹದಿನೆಂಟು ಕೆರೆಗಳೆಂಬ ಎಣಿಕೆ ಜನರ ಬಾಯಲ್ಲುಂಟು. ಬಂಟ್ವಾಳ ತಾಲ್ಲೂಕಿನ ಮಾಣಿಲದ ಕಡೆಯ ಕೃಷಿಕರು ಗುಡ್ಡವನ್ನು ಅಡ್ಡಲಾಗಿ ಕೊರೆದು, ಸುರಂಗದಿಂದ ನೀರನ್ನು ಹೊರಕ್ಕೆ ಹರಿಯಿಸಿಕೊಳ್ಳುವರು. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಇಂತಹ ಸುರಂಗಗಳನ್ನು ತೋಡಿ, ಬೋಳುಗುಡ್ಡವನ್ನು ತೋಟವನ್ನಾಗಿ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ಸಂದಿತು.

ಆದರೆ ಈ ಸೀಮೆಗೆ ನೀರನ್ನು ಕೊಡುವ ಮುರಕಲ್ಲೇ ಅದನ್ನು ಕೆಡಿಸುವುದಕ್ಕೂ ದಾರಿಮಾಡಿಕೊಡುತ್ತದೆ. ನಯವಾದ ಮರಳಿನ ಮೂಲಕ ಇಳಿಯುವ ನೀರು ನಿಧಾನವಾಗಿ ಸೋಸಿಕೊಳ್ಳುತ್ತದೆ. ಮುರಕಲ್ಲಿನಲ್ಲಿ ತೂತುಗಳೂ ಬಿರುಕುಗಳೂ ಒಂದಕ್ಕೊಂದು ಕೂಡಿಕೊಂಡು ಸಣ್ಣ ಕಾಲುವೆಗಳಂತೆ ವರ್ತಿಸುತ್ತವೆ. ಆಟಿಯ ತಿಂಗಳಲ್ಲಿ ಅಂತರ್ಜಲವು ಮೇಲೇರಿ ಕಕ್ಕಸುಗುಂಡಿಯ ತಳವನ್ನು ಮುಟ್ಟಿತೆಂದರೆ, ಗುಂಡಿಗೂ ಬಾವಿಗೂ ಐವತ್ತಡಿಗಳ ಅಂತರವಿದ್ದರೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಬಾವಿಯು ತುಂಬಿ ತುಳುಕುವ ದಿನಗಳೇ ಹೆಚ್ಚು ಅನುಮಾನಿಸತಕ್ಕ ದಿನಗಳು. ಸುರಂಗದ ನೀರಿಗೂ ಇದೇ ನ್ಯಾಯ: ಗುಡ್ಡದ ನೆತ್ತಿಯಲ್ಲಿ ಚೆಲ್ಲಿದುದು ಕೆಳಕ್ಕೆ ಇಳಿಯದಿರದು. ನೂರು ಮಿಲಿಲೀಟರು ನೀರಿನಲ್ಲಿ ಇ. ಕೋಲೈ ಎಂಬ ಜೀವಾಣು ಒಂದೂ ಕಾಣಕೂಡದೆಂದು ನಮ್ಮ ದೇಶದ ಕುಡಿಯುವ ನೀರಿನ ಮಾನದಂಡವು ವಿಧಿಸುತ್ತದೆ. ಇದನ್ನು ಪ್ರಯೋಗಶಾಲೆಯೇ ಹೇಳಬೇಕು.

ಬಾವಿಗೆ ಬ್ಲೀಚಿಂಗ್ ಪುಡಿಯನ್ನು ಕಣ್ಣಳತೆಯಿಂದ ಎರಚುವ ಪದ್ಧತಿಯನ್ನು ನಾವು ಒಪ್ಪಲಾರೆವು. ಬಾವಿಯ ವ್ಯಾಸ 2 ಮೀಟರು, ನೀರಿನ ಆಳ 3 ಮೀಟರು ಇದ್ದರೆ ಅದರಲ್ಲಿ ಸುಮಾರು 9,400 ಲೀಟರು ನೀರಿರುತ್ತದೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಮಿನಂತೆ 24 ಗ್ರಾಂ ಒಳ್ಳೆಯ ಪುಡಿ ಬೇಕು. ಅದನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣವು ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಯ ನೀರಿನೊಡನೆ ಬೆರೆಸಿ, ಒಂದು ಗಂಟೆಯ ಕಾಲ ಬಿಡತಕ್ಕದ್ದು. ನೀರು ಕೆಂಪಾಗಿ ಕದಡಿದ್ದರೆ ಈ ಲೆಕ್ಕವು ಸಾಲದು. ಕ್ಲೋರಿನ್ ಕೊಳೆಯ ಮೇಲೆಯೇ ವ್ಯಯವಾಗಿಹೋಗುತ್ತದೆ. ಅಂತಹ ದಿನಗಳಲ್ಲಿ ಸೋಸಿ, ಕುದಿಸಿ ಕುಡಿಯುವುದೇ ಕ್ಷೇಮ.

ಇದು ಹಳ್ಳಿಯ ಬಾವಿಗಳ ಮಾತೆಂದು ಪೇಟೆಯ ಶ್ರೋತೃಗಳು ಭಾವಿಸಬಾರದು. ಮಂಗಳೂರಿನ ನಲ್ಲಿಗಳಿಗೆ ನೀರು ಬರುವುದು ಬಂಟ್ವಾಳ ತಾಲ್ಲೂಕಿನ ತುಂಬೆಯ ಅಣೆಕಟ್ಟಿನಿಂದ. ಅಲ್ಲಿಗೆ ಬರುವ ನೇತ್ರಾವತಿಯು ಘಟ್ಟದಿಂದ ಬೆಳ್ತಂಗಡಿ ತಾಲ್ಲೂಕಿಗಿಳಿದು, ಧರ್ಮಸ್ಥಳದ ಸ್ನಾನಘಟ್ಟವನ್ನು ದಾಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ ಪೇಟೆಯ ಬದಿಯಲ್ಲಿಯೇ ಹಾದು ಬಂದಿರುತ್ತದೆ. ಶುದ್ಧೀಕರಣದ ಸ್ಥಾವರವು ಕ್ರಿಮಿಗಳನ್ನು ಕೊಲ್ಲಬಲ್ಲುದು. ಹೊಲತೋಟಗಳ ಗೊಬ್ಬರದಿಂದಲೂ ಚರಂಡಿಗಳಿಂದಲೂ ಕರಗಿ ಬರುವ ನೈಟ್ರೇಟನ್ನಾದರೋ ಸಾಮಾನ್ಯವಾದ ಮರಳಿನ ಸೋಸುವಿಕೆಯಾಗಲಿ ಕ್ಲೋರಿನ್ ಆಗಲಿ ತೆಗೆಯಲಾರದು. ಲೀಟರಿಗೆ 45 ಮಿಲಿಗ್ರಾಂ ಎಂಬ ಅದರ ಮಿತಿಯನ್ನು ಕಾಯುವುದು ನದಿಯ ಮೇಲಣ ದಂಡೆಯವರ ಕೈಯಲ್ಲಿದೆ.