ವಿದೇಶದಲ್ಲಿ ನೆಟ್‌ವರ್ಕ್ ಇಂಟರ್ನ್‌ಶಿಪ್: ವೀಸಾ ಮೊದಲು, ಅರ್ಜಿ ಆಮೇಲೆ



ಪಿಯುಸಿ ಆದ ಮೇಲೆ ಬಿಸಿಎ ಅಥವಾ ಬಿಇ, ಅದಾದ ಮೇಲೆ ಹೊರದೇಶದಲ್ಲಿ ಉನ್ನತ ವ್ಯಾಸಂಗ. ಕಂಪ್ಯೂಟರ್ ಸೈನ್ಸ್ ಓದುವ ಹಲವರ ಲೆಕ್ಕಾಚಾರ ಇದು. ಇದಕ್ಕಾಗಿ ಮನೆಯವರು ಬ್ಯಾಂಕಿನಲ್ಲಿ ಸಾಲ ಮಾಡುತ್ತಾರೆ, ಕೆಲವರು ನಿವೇಶನವನ್ನೇ ಅಡ ಇಡುತ್ತಾರೆ. ಆ ಸಾಲ ತೀರುವುದು ಪದವಿ ಪತ್ರದಿಂದಲ್ಲ, ಕೆಲಸದಿಂದ. ಓದಿನಿಂದ ಕೆಲಸಕ್ಕೆ ದಾಟುವ ಸೇತುವೆ ಇಂಟರ್ನ್‌ಶಿಪ್. ನೆಟ್‌ವರ್ಕ್ ಅಡ್ಮಿನಿಸ್ಟ್ರೇಷನ್ ಕ್ಷೇತ್ರದಲ್ಲಿ ಆ ಸೇತುವೆ ದಾಟುವುದು ಹೇಗೆ ಎಂದು ಈಗಲೇ ತಿಳಿದುಕೊಂಡರೆ ಮುಂದೆ ಹಣವೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ.

ಈ ಕೆಲಸ ಎಂದರೇನು?

ಒಂದು ಕಚೇರಿಯ ಕಂಪ್ಯೂಟರ್, ಪ್ರಿಂಟರ್, ವೈಫೈ, ಸರ್ವರ್‌ಗಳು ಒಂದಕ್ಕೊಂದು ಮಾತಾಡುವಂತೆ ನೋಡಿಕೊಳ್ಳುವವರು ನೆಟ್‌ವರ್ಕ್ ಅಡ್ಮಿನಿಸ್ಟ್ರೇಟರ್. ಗುಬ್ಬಿ ಅಥವಾ ಕುಣಿಗಲ್‌ನ ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೇಳಿದಾಗ "ಸರ್ವರ್ ಡೌನ್ ಇದೆ, ನಾಳೆ ಬನ್ನಿ" ಎಂಬ ಮಾತು ಕೇಳಿದ್ದೀರಲ್ಲ? ಎಷ್ಟೋ ಸಲ ಕೆಟ್ಟಿರುವುದು ಸರ್ವರ್ ಅಲ್ಲ, ಅಲ್ಲಿಗೆ ಹೋಗುವ ಸಂಪರ್ಕ. ತೊಂದರೆ ಎಲ್ಲಿದೆ ಎಂದು ಹುಡುಕಿ ಸರಿಪಡಿಸುವುದು ಈ ಉದ್ಯೋಗದ ತಿರುಳು.

ವೀಸಾ ಏನು ಹೇಳುತ್ತದೆ?

ಹೊರದೇಶದಲ್ಲಿ ಕಂಪನಿ "ಬನ್ನಿ" ಎಂದ ಮಾತ್ರಕ್ಕೆ ಕೆಲಸಕ್ಕೆ ಸೇರುವಂತಿಲ್ಲ. ವಿದ್ಯಾರ್ಥಿ ವೀಸಾದ ನಿಯಮ ಒಪ್ಪಬೇಕು.

ಅಮೆರಿಕದಲ್ಲಿ ಎಫ್-1 ವೀಸಾ ಇರುವವರು ತರಗತಿಗಳು ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ದುಡಿಯಬಹುದು. ಹೊರಗಿನ ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡಲು ಸಿಪಿಟಿ ಎಂಬ ಅನುಮತಿ ಬೇಕು. ಇದನ್ನು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿ ಐ-20 ಪತ್ರದಲ್ಲಿ ನಮೂದಿಸಿ ಕೊಡುತ್ತದೆ. ಸಾಮಾನ್ಯವಾಗಿ ಒಂದು ಪೂರ್ಣ ಶೈಕ್ಷಣಿಕ ವರ್ಷ ಓದಿರಬೇಕು ಮತ್ತು ಇಂಟರ್ನ್‌ಶಿಪ್ ಪಠ್ಯಕ್ರಮದ ಭಾಗವಾಗಿರಬೇಕು. ಪೂರ್ಣಾವಧಿಯ ಸಿಪಿಟಿ 12 ತಿಂಗಳು ತಲುಪಿದರೆ ಅದೇ ಹಂತದ ಪದವಿಗೆ ಸಿಗಬೇಕಿದ್ದ ಒಪಿಟಿ ಕೈತಪ್ಪುತ್ತದೆ. ಒಪಿಟಿ ಎಂದರೆ 12 ತಿಂಗಳು ಕೆಲಸ ಮಾಡುವ ಅವಕಾಶ. ಬಹುತೇಕರು ಇದನ್ನು ಪದವಿ ಮುಗಿದ ಮೇಲೆ ಬಳಸುತ್ತಾರೆ. ಕೋರ್ಸ್ ಸ್ಟೆಮ್ ಪಟ್ಟಿಯಲ್ಲಿದ್ದರೆ ಅರ್ಹರಿಗೆ ಇನ್ನೂ 24 ತಿಂಗಳು ಸಿಗುತ್ತದೆ. ಆದ್ದರಿಂದ ಸೀಟು ಒಪ್ಪಿಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿ: ಈ ಕೋರ್ಸ್ ಸ್ಟೆಮ್ ಪಟ್ಟಿಯಲ್ಲಿದೆಯೇ? ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಇದೆಯೇ?

ಬ್ರಿಟನ್‌ನಲ್ಲಿ ಪದವಿ ಮಟ್ಟದ ವಿದ್ಯಾರ್ಥಿಗಳಿಗೆ ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಯ ಮಿತಿ ಇದೆ. ಕೆನಡಾದಲ್ಲಿ ಕ್ಯಾಂಪಸ್ ಹೊರಗಿನ ಕೆಲಸಕ್ಕೆ 2024ರ ನವೆಂಬರ್‌ನಿಂದ ವಾರಕ್ಕೆ 24 ಗಂಟೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಎರಡು ವಾರಕ್ಕೆ 48 ಗಂಟೆ. ಜರ್ಮನಿಯಲ್ಲಿ 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ಪಠ್ಯಕ್ರಮದಲ್ಲಿ ಕಡ್ಡಾಯವಾದ ಇಂಟರ್ನ್‌ಶಿಪ್ ಈ ಲೆಕ್ಕಕ್ಕೆ ಬರುವುದಿಲ್ಲ. ಈ ನಿಯಮಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ವರ್ಷ ಆಯಾ ದೇಶದ ಸರ್ಕಾರಿ ಜಾಲತಾಣವನ್ನೇ ನೋಡಿ. ಏಜೆಂಟರ ಬಾಯಿಮಾತು ನಂಬಬೇಡಿ. ಮಿತಿ ಮೀರಿ ದುಡಿದರೆ, ಅನುಮತಿ ಪತ್ರ ಬರುವ ಮುನ್ನವೇ ಸೇರಿದರೆ ವೀಸಾವೇ ಹೋಗಬಹುದು.

ಎಲ್ಲಿ ಹುಡುಕಬೇಕು?

"ನೆಟ್‌ವರ್ಕ್ ಅಡ್ಮಿನಿಸ್ಟ್ರೇಟರ್ ಇಂಟರ್ನ್" ಎಂಬ ಹೆಸರಿನಲ್ಲೇ ಹುಡುಕಿದರೆ ಹೆಚ್ಚು ಸಿಗುವುದಿಲ್ಲ. ಅದೇ ಕೆಲಸ ಐಟಿ ಸಪೋರ್ಟ್, ಹೆಲ್ಪ್ ಡೆಸ್ಕ್, ಇನ್‌ಫ್ರಾಸ್ಟ್ರಕ್ಚರ್ ಇಂಟರ್ನ್, ಎನ್‌ಒಸಿ ಟೆಕ್ನಿಷಿಯನ್ ಎಂಬ ಹೆಸರುಗಳಲ್ಲಿ ಇರುತ್ತದೆ. ಎನ್‌ಒಸಿ ಎಂದರೆ ಹಗಲೂ ರಾತ್ರಿ ನೆಟ್‌ವರ್ಕ್ ಮೇಲೆ ಕಣ್ಣಿಡುವ ಕೇಂದ್ರ.

ಮೊದಲ ಬಾಗಿಲು ನೀವು ಓದುವ ವಿಶ್ವವಿದ್ಯಾಲಯದ ಐಟಿ ವಿಭಾಗವೇ. ಸಾವಿರಾರು ವಿದ್ಯಾರ್ಥಿಗಳ ವೈಫೈ ನೋಡಿಕೊಳ್ಳಲು ಅವರಿಗೆ ಸಹಾಯಕರು ಬೇಕು. ಅಮೆರಿಕದಲ್ಲಿ ಇದು ಕ್ಯಾಂಪಸ್ ಒಳಗಿನ ಕೆಲಸವಾದ್ದರಿಂದ ಸಿಪಿಟಿಗಾಗಿ ಒಂದು ವರ್ಷ ಕಾಯಬೇಕಿಲ್ಲ. ಅಲ್ಲಿ ಆರು ತಿಂಗಳು ದುಡಿದವರ ಬಯೋಡೇಟಾಗೆ ಹೊರಗಿನ ಕಂಪನಿಯಲ್ಲೂ ಬೆಲೆ ಇರುತ್ತದೆ. ಎರಡನೆಯ ಬಾಗಿಲು ಆಸ್ಪತ್ರೆ, ಶಾಲೆ, ಗೋದಾಮು, ಸ್ಥಳೀಯ ಇಂಟರ್ನೆಟ್ ಕಂಪನಿಗಳು. ಎಲ್ಲರೂ ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ಹಿಂದೆ ಓಡುವಾಗ ಇಲ್ಲಿ ಪೈಪೋಟಿ ಕಡಿಮೆ.

ಕೆಲವು ಜಾಹೀರಾತುಗಳಲ್ಲಿ "ನಾಗರಿಕರಿಗೆ ಮಾತ್ರ" ಎಂದಿರುತ್ತದೆ. ಬೇಸರ ಪಡಬೇಡಿ. ನಮ್ಮ ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ಒಳಗಿನ ನೆಟ್‌ವರ್ಕ್ ಅನ್ನು ನಾವು ಹೊರದೇಶದವರ ಕೈಗೆ ಕೊಡುತ್ತೇವೆಯೇ? ರಕ್ಷಣೆಗೆ ಸಂಬಂಧಿಸಿದ ಕಡೆ ಅವರೂ ಕೊಡುವುದಿಲ್ಲ. ಅಂಥವನ್ನು ಬಿಟ್ಟು ಮುಂದೆ ಹೋಗಿ.

ಅರ್ಜಿಯಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆ ಇರುತ್ತವೆ: ಕೆಲಸ ಮಾಡಲು ಅನುಮತಿ ಇದೆಯೇ? ಮುಂದೆ ಕಂಪನಿ ವೀಸಾ ಕೊಡಿಸಬೇಕೇ? ಎರಡಕ್ಕೂ ನಿಜವನ್ನೇ ಬರೆಯಿರಿ. ಸಿಪಿಟಿ ಅವಧಿಗೆ ಕಂಪನಿ ವೀಸಾ ಕೊಡಿಸಬೇಕಾಗಿಲ್ಲ ಎಂಬುದು ಸಣ್ಣ ಕಂಪನಿಗಳಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. ಅದನ್ನು ಸಂದರ್ಶನದಲ್ಲಿ ಎರಡು ವಾಕ್ಯಗಳಲ್ಲಿ ವಿವರಿಸಲು ಕಲಿತಿರಿ.

ಸಂದರ್ಶನದಲ್ಲಿ ಏನು ಕೇಳುತ್ತಾರೆ?

"ಒಂದು ಕಂಪ್ಯೂಟರ್‌ಗೆ ಇಂಟರ್ನೆಟ್ ಬರುತ್ತಿಲ್ಲ, ಏನು ಮಾಡುತ್ತೀರಿ?" ಇದು ಮಾಮೂಲಿ ಪ್ರಶ್ನೆ. ಉತ್ತರದಲ್ಲಿ ಕ್ರಮ ಇರಬೇಕು. ಮೊದಲು ಕೇಬಲ್ ಮತ್ತು ಅದರ ದೀಪ ನೋಡಬೇಕು. ಆಮೇಲೆ ಐಪಿ ವಿಳಾಸ ನೋಡಬೇಕು, ಅದು 169.254 ಎಂದು ಶುರುವಾದರೆ ಡಿಎಚ್‌ಸಿಪಿಯಿಂದ ವಿಳಾಸ ಸಿಕ್ಕಿಲ್ಲ ಎಂದರ್ಥ. ನಂತರ ಗೇಟ್‌ವೇಗೆ ಪಿಂಗ್, ಆಮೇಲೆ 8.8.8.8ಕ್ಕೆ ಪಿಂಗ್. ಅದು ಹೋಗಿ, ಹೆಸರಿನಿಂದ ಜಾಲತಾಣ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ ಮೇಲೆ ಅನುಮಾನ.

ಇನ್ನೊಂದು ಸಬ್‌ನೆಟ್ ಲೆಕ್ಕ. ಕಾಲೇಜಿನ ಲ್ಯಾಬ್‌ನಲ್ಲಿ 40 ಕಂಪ್ಯೂಟರ್, ಕಚೇರಿಯಲ್ಲಿ 12 ಇವೆ ಎಂದುಕೊಳ್ಳಿ. ಲ್ಯಾಬ್‌ಗೆ 192.168.10.0/26 ಕೊಟ್ಟರೆ 64 ವಿಳಾಸ ಸಿಗುತ್ತವೆ. ಮೊದಲನೆಯದು ನೆಟ್‌ವರ್ಕ್‌ಗೆ, ಕೊನೆಯದು ಬ್ರಾಡ್‌ಕಾಸ್ಟ್‌ಗೆ ಹೋಗಿ 62 ಉಳಿಯುತ್ತವೆ. ಕಚೇರಿಗೆ 192.168.10.64/28 ಕೊಟ್ಟರೆ 14 ಉಳಿಯುತ್ತವೆ. 12 ಕಂಪ್ಯೂಟರ್, ಒಂದು ಗೇಟ್‌ವೇ ಸೇರಿ 13, ಸಾಕಾಯಿತು. ಇದನ್ನು ಕಾಗದದ ಮೇಲೆ ತಡವರಿಸದೆ ಮಾಡುವ ವಿದ್ಯಾರ್ಥಿಗೆ ಅರ್ಧ ಸಂದರ್ಶನ ಮುಗಿದಂತೆ.

ಮೋಸದ ಜಾಲ

ಇಂಟರ್ನ್‌ಶಿಪ್ ಕೊಡಿಸಲು ಯಾರಾದರೂ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಥಾಯ್ಲೆಂಡ್‌ನಲ್ಲಿ ಐಟಿ ಕೆಲಸ ಎಂದು ನಂಬಿಸಿ ಯುವಕರನ್ನು ಮ್ಯಾನ್ಮಾರ್‌ಗೆ ಸಾಗಿಸುತ್ತಿದ್ದಾರೆ ಎಂದು ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಸಿತ್ತು. ಹಾಗೆ ಹೋದವರನ್ನು ಕೂಡಿಹಾಕಿ ಸೈಬರ್ ವಂಚನೆ ಮಾಡಿಸಲಾಯಿತು. 2025ರ ಮಾರ್ಚ್‌ನಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ವಾಪಸ್ ಕರೆತರಬೇಕಾಯಿತು. ಗಲ್ಫ್ ವಿಷಯದಲ್ಲೂ ಅಷ್ಟೇ. "ವಿಸಿಟ್ ವೀಸಾದಲ್ಲಿ ಬಾ, ಕೆಲಸಕ್ಕೆ ಸೇರಿಸುತ್ತೇನೆ" ಎಂದು ನೆಂಟರೇ ಕರೆದರೂ, ಯುಎಇಯಲ್ಲಿ ಆ ವೀಸಾದಲ್ಲಿ ದುಡಿಯುವುದು ಕಾನೂನುಬಾಹಿರ. ಆನ್‌ಲೈನಿನಲ್ಲಿ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಈಗ ಏನು ಮಾಡಬಹುದು?

ಪಠ್ಯಪುಸ್ತಕದ ನೆಟ್‌ವರ್ಕ್ ಅಧ್ಯಾಯವನ್ನು ಅಂಕಕ್ಕಾಗಿ ಮಾತ್ರ ಓದಬೇಡಿ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತದೆ. ರೂಟರ್, ಸ್ವಿಚ್ ಕೊಳ್ಳದೆಯೇ ಅದರಲ್ಲಿ ನೆಟ್‌ವರ್ಕ್ ಕಟ್ಟಿ ನೋಡಬಹುದು. ಮಾಡಿದ ಪ್ರತಿ ಪ್ರಯೋಗದ ಚಿತ್ರ, ಬಂದ ತೊಂದರೆ, ಪರಿಹಾರ ಮೂರನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಸಿಸಿಎನ್‌ಎ ಪರೀಕ್ಷೆಯ ಶುಲ್ಕ 300 ಡಾಲರ್. ಅದಕ್ಕೆ ಈಗ ಅವಸರವಿಲ್ಲ, ಪದವಿಯ ಕೊನೆಯ ವರ್ಷದಲ್ಲಿ ಬರೆದರೂ ಸಾಕು. ಪದವಿ ಓದುವಾಗ ಬೆಂಗಳೂರಿನಲ್ಲಿ ಒಂದು ಇಂಟರ್ನ್‌ಶಿಪ್ ಮಾಡಿ. ನಮಗೆ ಅದು 70 ಕಿಲೋಮೀಟರ್ ದೂರ. ಇಲ್ಲಿ ದುಡಿದ ಅನುಭವ ಅಲ್ಲಿಯೂ ಲೆಕ್ಕಕ್ಕೆ ಬರುತ್ತದೆ.

ಹಣದ ವಿಷಯಕ್ಕೆ ಏಜೆಂಟರ ಬಳಿ ಹೋಗುವ ಮೊದಲು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ವಿದೇಶ ವ್ಯಾಸಂಗ ಸಾಲದ ಬಗ್ಗೆ ತುಮಕೂರಿನ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಹೋಗುವಾಗ ತಂದೆ ಅಥವಾ ತಾಯಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಸಾಲ ತೀರಿಸುವ ಹೊಣೆ ಅವರದೂ ಆಗಿರುವಾಗ, ಷರತ್ತುಗಳನ್ನು ಅವರೂ ನೇರವಾಗಿ ಕೇಳಿಸಿಕೊಳ್ಳಲಿ.